ಪಂಚಾಯಿತಿಯ ಭಾರತ್‌ನೆಟ್ ಸಂಪರ್ಕ ಕಡಿದುಹೋದಾಗ ಮಾಡಬೇಕಾದ ಕೆಲಸ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್, ಅಂದರೆ ಬೆಳಕಿನ ಮೂಲಕ ಇಂಟರ್ನೆಟ್ ಒಯ್ಯುವ ತಂತಿ, ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. ಅದೇ ಇಂದಿನ ಭಾರತ್‌ನೆಟ್. ದೂರಸಂಪರ್ಕ ಕಂಪನಿಗಳ ಆದಾಯದ ಶೇ 5ರಷ್ಟು ಸುಂಕದಿಂದ ಕೂಡಿದ ನಿಧಿಯಿಂದ ಇದಕ್ಕೆ ಹಣ ಬರುತ್ತದೆ, ಮತ್ತು ಆ ಆದಾಯ ನಾವು ಹಾಕಿಸುವ ರೀಚಾರ್ಜಿನಿಂದ ಬಂದದ್ದು. ಹಾಗಾಗಿ ಸಂಪರ್ಕ ಸರಿಪಡಿಸಿ ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಮೊದಲು ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರುವ ಸಣ್ಣ ಪೆಟ್ಟಿಗೆಯನ್ನು, ಅಂದರೆ ಫೈಬರ್ ಬಂದು ಸೇರುವ ಓಎನ್‌ಟಿ ಎಂಬ ಸಾಧನವನ್ನು, ಹತ್ತಿರದಿಂದ ನೋಡಿ. ಒಂದು ದೀಪವೂ ಉರಿಯದಿದ್ದರೆ ತೊಂದರೆ ವಿದ್ಯುತ್ತಿನದು. ಪ್ಲಗ್, ಅಡಾಪ್ಟರ್ ಮತ್ತು ಬ್ಯಾಟರಿಯನ್ನು ಪರೀಕ್ಷಿಸಿ. ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಅದರ ಫೋಟೊ ತೆಗೆದು ದಿನಾಂಕ, ವೇಳೆ ಬರೆದಿಡಿ. ಹಳದಿ ಬಣ್ಣದ ತೆಳು ತಂತಿ ಬಾಗಿಲ ಸಂದಿಗೆ ಸಿಕ್ಕಿ ಮಡಿಚಿಕೊಂಡಿದ್ದರೂ ಹೀಗಾಗುತ್ತದೆ, ಆದ್ದರಿಂದ ಅದನ್ನೂ ಗಮನಿಸಿ. ಆದರೆ ನೀವೇ ಕಿತ್ತು ಜೋಡಿಸಲು ಹೋಗಬೇಡಿ.

ನಂತರ ಪಕ್ಕದ ಪಂಚಾಯಿತಿಗೆ ಫೋನ್ ಮಾಡಿ. ಮೊದಲ ಹಂತಗಳಲ್ಲಿ ಫೈಬರ್ ತಾಲ್ಲೂಕು ಕೇಂದ್ರದಿಂದ ಕವಲೊಡೆಯುತ್ತ ಒಂದೇ ದಾರಿಯಲ್ಲಿ ಬಂದಿರುವುದರಿಂದ, ನಡುವೆ ಎಲ್ಲಿಯೇ ಕಡಿದರೂ ಅದರಾಚೆಯ ಊರುಗಳೆಲ್ಲ ಸಂಪರ್ಕ ಕಳೆದುಕೊಳ್ಳುತ್ತವೆ. ಅವರದ್ದೂ ನಿಂತಿದ್ದರೆ ದೋಷ ತಾಲ್ಲೂಕಿನ ಕಡೆಗಿರುವ ಸಾಧ್ಯತೆ ಹೆಚ್ಚು. ನಿಮ್ಮದು ಮಾತ್ರವಾದರೆ ಊರಿನ ಆಸುಪಾಸಿನಲ್ಲಿ ನೀರಿನ ಪೈಪಿಗಾಗಿ ಜೆಸಿಬಿ ಅಗೆದ ಜಾಗವನ್ನು ಹುಡುಕಿ. ಒಂದೇ ದಾರಿಯನ್ನು ನೆಚ್ಚಿರುವ ಈ ದೌರ್ಬಲ್ಯವನ್ನು ನೀಗಲೆಂದೇ 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಸಂಪುಟ ಒಪ್ಪಿಗೆ ನೀಡಿತು. ಅದರಲ್ಲಿ ಫೈಬರನ್ನು ಉಂಗುರದಂತೆ ಜೋಡಿಸುವುದರಿಂದ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ನಿಮ್ಮ ಪಂಚಾಯಿತಿ ಉಂಗುರಕ್ಕೆ ಸೇರಿದೆಯೇ ಎಂದು ಈ ಜಾಲವನ್ನು ನೋಡಿಕೊಳ್ಳುವ ಬಿಎಸ್‌ಎನ್‌ಎಲ್ ಕಚೇರಿಯಲ್ಲಿ ತಪ್ಪದೆ ಕೇಳಿ.

ದೂರನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸಹಿಯೊಂದಿಗೆ ಬಿಎಸ್‌ಎನ್‌ಎಲ್‌ಗೆ ಬರವಣಿಗೆಯಲ್ಲೇ ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಬಾಪೂಜಿ ಸೇವಾ ಕೇಂದ್ರದಲ್ಲಿ ಯಾವ ಸೇವೆ ನಿಂತಿದೆ, ಗ್ರಂಥಾಲಯಕ್ಕೆ ಬರುವ ಮಕ್ಕಳಿಗೆ ಏನು ತೊಂದರೆಯಾಗಿದೆ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. ಕೆಲಸವಾಗದಿದ್ದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 'ಏಕೆ ಸರಿಪಡಿಸಿಲ್ಲ' ಎಂದು ಕೇಳಿದರೆ ಜಾರಿಕೊಳ್ಳಲು ದಾರಿ ಸಿಗುತ್ತದೆ. ದೂರು ದಾಖಲಾದ ದಿನ, ತಂಡ ಬಂದ ದಿನ, ಕಳೆದ 12 ತಿಂಗಳಲ್ಲಿ ಸಂಪರ್ಕ ಕಡಿದಿದ್ದ ಅವಧಿ, ಇವುಗಳ ದಾಖಲೆಯ ನಕಲನ್ನೇ ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ, ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

ಮತ್ತೆ ಕಡಿಯದಂತೆ ನೋಡಿಕೊಳ್ಳುವ ಕೆಲಸ ಪಂಚಾಯಿತಿಯ ಕೈಯಲ್ಲೇ ಇದೆ. ಅಗೆಯುವ ಮುನ್ನ ಕೇಬಲ್ ಒಡೆತನದ ಸಂಸ್ಥೆಗೆ ತಿಳಿಸಲು 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ 2023ರಿಂದ ಬಳಕೆಯಲ್ಲಿದೆ. ರಸ್ತೆ ಅಗೆಯಲು ಅನುಮತಿ ಕೇಳಿ ಬರುವ ಗುತ್ತಿಗೆದಾರರು ಆ ಸೂಚನೆ ಕಳುಹಿಸಿದ್ದಕ್ಕೆ ದಾಖಲೆ ತೋರಿಸಿದ ಮೇಲಷ್ಟೇ ಅನುಮತಿ ಪತ್ರಕ್ಕೆ ಸಹಿ ಹಾಕುವಂತೆ ಪಿಡಿಒ ಅವರನ್ನು ಕೋರಿ.