ಮನೆಯಲ್ಲೇ ಮೀನಿನ ತಕ್ಕಡಿ ಪರೀಕ್ಷೆ: ನಾನು ಮಾಡಿದ ರೀತಿ

ಗಾಳ ಹಾಕುವವರ ಚೀಲದಲ್ಲಿ ಈಗ ಜಾಸ್ತಿ ಕಾಣುವುದು ಒಂದೇ ಬಗೆಯ ತಕ್ಕಡಿ. ಮೇಲೆ ಹಿಡಿ, ಕೆಳಗೆ ಕೊಕ್ಕೆ, ನಡುವೆ ಪುಟ್ಟ ಡಿಸ್‌ಪ್ಲೇ. 50 ಕೆಜಿವರೆಗೆ ತೂಗುತ್ತದೆ, 10 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. 10 ಗ್ರಾಂ ತೋರಿಸುವುದು ಬೇರೆ, 10 ಗ್ರಾಂವರೆಗೆ ಸರಿಯಾಗಿರುವುದು ಬೇರೆ. ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ನಮ್ಮಂಥವರಿಗೆ ಕೊನೆಗೆ ಉಳಿಯುವುದು ಒಂದು ಫೋಟೋ, ಒಂದು ಅಂಕಿ ಅಷ್ಟೇ. ಆ ಅಂಕಿ ನಿಜವಾಗಿರಬೇಕು ಅಲ್ವಾ?

ಮೊದಲು ಬೇಕಾಗಿದ್ದು ನಂಬಬಹುದಾದ ತೂಕ. ಸಕ್ಕರೆ ಪ್ಯಾಕೆಟ್ ನೇತುಹಾಕಿ ನೋಡಿ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಕೆಜಿ ಪ್ಯಾಕೆಟ್‌ನಲ್ಲಿ 15 ಗ್ರಾಂ ಹೆಚ್ಚುಕಡಿಮೆಗೆ ಕಾನೂನೇ ಅವಕಾಶ ಕೊಟ್ಟಿದೆ, 10 ಕೆಜಿ ಅಕ್ಕಿ ಚೀಲದಲ್ಲಿ 150 ಗ್ರಾಂವರೆಗೆ, ಅದರ ಮೇಲೆ ಚೀಲದ್ದೇ ತೂಕ ಬೇರೆ. ನೀರು ಪರವಾಗಿಲ್ಲ. ನಮ್ಮ ಬೆಂಗಳೂರಿನ ಹವೆಯಲ್ಲಿ ಒಂದು ಲೀಟರ್ ನೀರು 997 ಗ್ರಾಂ ಆಸುಪಾಸು ತೂಗುತ್ತದೆ. ಆದರೆ ಮನೆಯ ಬಾಟಲಿಯಲ್ಲಿ ಸರಿಯಾಗಿ ಒಂದು ಲೀಟರ್ ಅಳೆಯುವುದೇ ಕಷ್ಟ.

ಹಾಗಾಗಿ ನಮ್ಮ ಬೀದಿಯ ದಿನಸಿ ಅಂಗಡಿಗೆ ಹೋದೆ. ಅಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಬಂದಮೇಲೆ ಹಳೆಯ ಕಬ್ಬಿಣದ ತೂಕದ ಬಟ್ಟುಗಳು ಮೂಲೆ ಸೇರಿವೆ. "ಅಣ್ಣ, 5 ಕೆಜಿ ಬಟ್ಟು ಎರಡು ಕೊಡಿ, ಸಂಜೆ ತಂದುಕೊಡ್ತೀನಿ" ಅಂದೆ. "ಮೀನು ತೂಗಕ್ಕಾ? ತಗೊಂಡೋಗಿ, ತೊಳೆದು ಕೊಡಿ ಸಾಕು" ಅಂದರು. ಬಟ್ಟಿನ ಕೆಳಗಡೆ ಸೀಸ ತುಂಬಿದ ಗುಳಿ ಇರುತ್ತದೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಅದರ ಮೇಲೇ ಬೀಳುವುದು. ಎರಡು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕು. ತರುವ ಮುಂಚೆ ಆ ಮುದ್ರೆ ನೋಡಿ. ಸೀಸ ಕಿತ್ತುಹೋದದ್ದು, ಅಂಚು ಒಡೆದದ್ದು, ತುಕ್ಕು ಉದುರುವುದು ಬೇಡ.

ತಕ್ಕಡಿಯನ್ನು ಕೈಯಲ್ಲಿ ಹಿಡಿದು ತೂಗಬೇಡಿ. ಕೈ ನಡುಗುತ್ತದೆ, ಅಂಕಿ ಓಡಾಡುತ್ತದೆ. ನಮ್ಮ ಹಾಲ್‌ನಲ್ಲಿ ಜೋಕಾಲಿಯ ಕೊಕ್ಕೆ ಇದೆ, ಅದಕ್ಕೆ ಗಟ್ಟಿ ಹಗ್ಗದಲ್ಲಿ ಕಟ್ಟಿದೆ, ಕೆಳಗೆ ಹಳೆಯ ಹಾಸಿಗೆ ಹಾಕಿದೆ. ಖಾಲಿ ಬಟ್ಟೆ ಚೀಲವನ್ನು ಮೊದಲು ತೂಗಿಹಾಕಿ ಸೊನ್ನೆ ಮಾಡಿ, ಆಮೇಲೆ ಬಟ್ಟು ಇಟ್ಟೆ. ತೆಗೆದೆ, ಸೊನ್ನೆಗೆ ವಾಪಸ್ ಬಂತಾ ನೋಡಿದೆ, ಮತ್ತೆ ಇಟ್ಟೆ. ಪ್ರತಿಸಲ ಒಂದೇ ಅಂಕಿ ಬರಬೇಕು. ಪ್ರತಿಸಲವೂ 30 ಗ್ರಾಂ ಕಡಿಮೆ ತೋರಿಸಿದರೆ ಅದನ್ನು ಸರಿದೂಗಿಸಿಕೊಳ್ಳಬಹುದು. ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ ಅಂದರೆ ಆ ತಕ್ಕಡಿ ನಮಗೆ ಬೇಡ.

ಈಗ ಮುಖ್ಯವಾದದ್ದು. 5 ಕೆಜಿಗೆ ಸರಿ ಇರುವ ತಕ್ಕಡಿ 15ಕ್ಕೂ ಸರಿ ಇರಬೇಕು ಅಂತೇನಿಲ್ಲ. ಅದಕ್ಕೆ ಇನ್ನೊಂದು ಚೀಲಕ್ಕೆ ಮರಳು ತುಂಬಿ ತೂಗಿಹಾಕಿದೆ. ಮರಳು ಎಷ್ಟಿದೆ ಅನ್ನುವುದು ಮುಖ್ಯವೇ ಅಲ್ಲ. ಬಂದ ಅಂಕಿ ಬರೆದುಕೊಂಡು, ಅದರ ಮೇಲೆ 5 ಕೆಜಿ ಬಟ್ಟು ಸೇರಿಸಿದರೆ ಅಂಕಿ ಸರಿಯಾಗಿ 5 ಕೆಜಿ ಏರಬೇಕು. ಬಟ್ಟು ತೆಗೆದು, ಇನ್ನಷ್ಟು ಮರಳು ಹಾಕಿ ಮತ್ತೆ ಅದೇ ಕೆಲಸ. ಹೀಗೆ ಒಂದೇ ಬಟ್ಟಿನಲ್ಲಿ ತಕ್ಕಡಿಯ ಉದ್ದಕ್ಕೂ ನೋಡಬಹುದು. ನಾನು 20 ಕೆಜಿ ಹತ್ತಿರ ನಿಲ್ಲಿಸಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬುವರು ಹಿಡಿದ 120 ಪೌಂಡ್‌ನ ಮಹಶೀರ್ ಮೀನು, ಅಂದರೆ ಸುಮಾರು 54 ಕೆಜಿ, ಈ ತಕ್ಕಡಿಯ ಮಿತಿಯನ್ನೇ ದಾಟುತ್ತಿತ್ತು. ಆದರೆ ಈ ಸುತ್ತಿನ ಕೆರೆಗಳಲ್ಲಿ ನಮಗೆ ಸಿಗುವುದು ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯಾ) ಮೀನುಗಳು. ಅವುಗಳ ತೂಕದಲ್ಲೇ ತಕ್ಕಡಿ ಸರಿ ಇದೆಯಾ ನೋಡಬೇಕು.

ನನ್ನ ತಕ್ಕಡಿ ಎರಡೂ ಬಟ್ಟು ಸೇರಿಸಿದಾಗ 9.97 ತೋರಿಸಿತು. ಕೆಟ್ಟಿದೆ ಅಂತ ಎಸೆಯುವ ಮುಂಚೆ ಒಂದು ವಿಷಯ ಗೊತ್ತಿರಲಿ. ಇಂಥ ತಕ್ಕಡಿ ಅಳೆಯುವುದು ಭೂಮಿ ಎಳೆಯುವ ಬಲವನ್ನು, ಆ ಬಲ ಎಲ್ಲ ಊರಲ್ಲೂ ಒಂದೇ ಇಲ್ಲ. ಈ ಎಳೆತಕ್ಕೆ, ಅಂದರೆ ಗುರುತ್ವಕ್ಕೆ, ಜಗತ್ತಿಗೆಲ್ಲ ಒಪ್ಪಿತ ಅಂಕಿ 9.80665 (ಮೀಟರ್/ಸೆಕೆಂಡ್²). ಬೆಂಗಳೂರು ಸಮಭಾಜಕಕ್ಕೆ ಹತ್ತಿರ, ಜೊತೆಗೆ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರ, ಹಾಗಾಗಿ ಇಲ್ಲಿ ಅದು ಸುಮಾರು 9.78. ಆ ಒಪ್ಪಿತ ಅಂಕಿಗೆ ಹೊಂದಿಸಿದ ತಕ್ಕಡಿ ಇಲ್ಲಿ 10 ಕೆಜಿಗೆ 27 ಗ್ರಾಂನಷ್ಟು ಕಡಿಮೆ ತೋರಿಸುವುದು ಸಹಜ. ಡಯಲ್ ಇರುವ ಸ್ಪ್ರಿಂಗ್ ತಕ್ಕಡಿಗೂ ಇದೇ ಕಥೆ. ಎರಡು ತಟ್ಟೆಯ ತಕ್ಕಡಿಗೆ ಮಾತ್ರ ಇದು ತಟ್ಟುವುದಿಲ್ಲ, ಎರಡೂ ಕಡೆ ಎಳೆತ ಒಂದೇ ಆಗಿರುತ್ತದಲ್ಲ. ಅದಕ್ಕೇ ನಾನು ಬೇರೆ ಊರಲ್ಲಿ ಪರೀಕ್ಷಿಸಿ ಕೊಟ್ಟ ಟೆಸ್ಟ್ ಕಾರ್ಡ್‌ಗಿಂತ ಇಲ್ಲೇ ಬಟ್ಟು ಇಟ್ಟು ನೋಡಿದ್ದನ್ನು ಜಾಸ್ತಿ ನಂಬುತ್ತೇನೆ.

ಕೆಲವು ತಕ್ಕಡಿಗಳಲ್ಲಿ ಕೆಜಿ, ಪೌಂಡ್ ಜೊತೆ ಜಿನ್ ಅನ್ನುವ ಚೀನೀ ಅಳತೆಯೂ ಇರುತ್ತದೆ. ಒಂದು ಜಿನ್ ಅಂದರೆ 500 ಗ್ರಾಂ. ಬಟನ್ ತಗುಲಿ ಅದಕ್ಕೆ ಹೋದರೆ 3 ಕೆಜಿ ಮೀನು 6 ಅಂತ ತೋರಿಸುತ್ತದೆ, ಪಕ್ಕದ ಅಕ್ಷರ ನೋಡಲೇಬೇಕು. ಇನ್ನೊಂದು, ಸೊನ್ನೆಯ ಹತ್ತಿರ ನೀರನ್ನು ನಿಧಾನಕ್ಕೆ ಸುರಿಯುತ್ತಾ ಪರೀಕ್ಷೆ ಮಾಡಬೇಡಿ. ಸಣ್ಣ ಬದಲಾವಣೆಯನ್ನು ತಕ್ಕಡಿ ತಾನೇ ಸೊನ್ನೆ ಅಂದುಕೊಂಡು ನುಂಗಿಬಿಡುತ್ತದೆ. ತೂಕವನ್ನು ಒಟ್ಟಿಗೇ ಇಡಿ, ಅಂಕಿ ಲಾಕ್ ಆದಮೇಲೆ ಪೂರ್ತಿ ಇಳಿಸಿ ಮತ್ತೆ ಶುರುಮಾಡಿ.

ಕೆರೆ ದಡದಲ್ಲಿ ಬಲೆಚೀಲವನ್ನು ಒದ್ದೆ ಮಾಡಿಯೇ ಸೊನ್ನೆ ಮಾಡುತ್ತೇನೆ. ಒಣಗಿದ್ದಾಗ ಮಾಡಿದರೆ ನೀರಿನ ಭಾರವೂ ಮೀನಿನ ಲೆಕ್ಕಕ್ಕೆ ಸೇರುತ್ತದೆ. ಒದ್ದೆ ಬಲೆ ಮೀನಿನ ಮೈಗೂ ಒಳ್ಳೆಯದು. ತಕ್ಕಡಿಯನ್ನು ಬಿಸಿಲಲ್ಲಿ ಬಂಡೆ ಮೇಲೆ ಬಿಡಬೇಡಿ, ಕಾದರೆ ಅಂಕಿ ಜರುಗಬಹುದು.

ಇದೆಲ್ಲ ನಮ್ಮ ಸ್ವಂತ ಲೆಕ್ಕಕ್ಕೆ. ಅತಿ ದೊಡ್ಡ ಮೀನಿನ ದಾಖಲೆಗೆ ಕಳಿಸುವುದಾದರೆ ಮನೆ ಪರೀಕ್ಷೆ ನಡೆಯುವುದಿಲ್ಲ. ಇಂಥ ದಾಖಲೆಗಳನ್ನು ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್‌ಎ 12 ತಿಂಗಳೊಳಗೆ ಪ್ರಮಾಣೀಕರಿಸಿದ ತಕ್ಕಡಿಯನ್ನೇ ಕೇಳುತ್ತದೆ. ನನ್ನದರ ಬೆನ್ನಿಗೆ ಒಂದು ಟೇಪ್ ಅಂಟಿಸಿ "5ಕ್ಕೆ +10, 10ಕ್ಕೆ +30" ಅಂತ ತಾರೀಖಿನ ಜೊತೆ ಬರೆದಿದ್ದೇನೆ, ಅಂದರೆ ತೋರಿಸಿದ ಅಂಕಿಗೆ ಅಷ್ಟು ಗ್ರಾಂ ಸೇರಿಸಿಕೊಳ್ಳಬೇಕು. ಬ್ಯಾಟರಿ ಬದಲಿಸಿದಾಗ, ತಕ್ಕಡಿ ಕೆಳಗೆ ಬಿದ್ದಾಗ ಮತ್ತೆ ಅಂಗಡಿಯಿಂದ ಬಟ್ಟು ತರುತ್ತೇನೆ.