ನಾಲ್ಕು ಲಾಕ್ ನಟ್ಟು, ಎರಡು ಭಾನುವಾರ

ನಮ್ಮ ಐ20 ಕಾರು ಸೆಕೆಂಡ್ ಹ್ಯಾಂಡ್. ಮಾರಿದವರು ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರ, ಹಾಕಿಸಿದ್ದರು. ಅಲಾಯ್ ಯಾರಾದರೂ ಹೊತ್ತುಕೊಂಡು ಹೋದಾರು ಅನ್ನುವ ಭಯಕ್ಕೆ ಹೊರಗಿನ ಅಂಗಡಿಯಲ್ಲಿ ಚಕ್ರಕ್ಕೊಂದರಂತೆ ಲಾಕ್ ನಟ್ಟನ್ನೂ ಹಾಕಿಸಿದ್ದರು. ಚಕ್ರದ ನಾಲ್ಕು ನಟ್ಟಿನಲ್ಲಿ ಮೂರಕ್ಕೆ ಮಾಮೂಲಿ 21 ಎಂಎಂ ಪಾನಾ ಸಾಕು. ನಾಲ್ಕನೆಯದಕ್ಕೆ ಮೂಲೆಗಳೇ ಇಲ್ಲ, ಸುತ್ತ ನುಣ್ಣಗೆ ದುಂಡಗೆ, ತಲೆಯ ಮೇಲೆ ಹೂವಿನ ಎಸಳಿನಂತೆ ಕಚ್ಚು. ಆ ಕಚ್ಚಿಗೆ ಕೂರುವ ಕೀ ಇದ್ದರಷ್ಟೇ ತಿರುಗುತ್ತದೆ. ಕೀ ನಮ್ಮಲ್ಲಿ ಇತ್ತು, ಡಿಕ್ಕಿಯಲ್ಲಿ ಜಾಕಿಯ ಪಕ್ಕದಲ್ಲೇ.

ಗುಬ್ಬಿಯಲ್ಲಿ ಒಂದು ನಾಮಕರಣ. ಭಾನುವಾರ ಬೆಳಿಗ್ಗೆ ಹೊರಡೋಣ ಅಂತ ನೋಡಿದರೆ ಎಡಗಡೆ ಹಿಂದಿನ ಚಕ್ರ ನೆಲಕ್ಕೆ ಕೂತಿದೆ. ಮೂರು ನಟ್ಟು ಸಡಿಲಿಸಿ, ನಾಲ್ಕನೆಯದಕ್ಕೆ ಕೀ ಇಟ್ಟು ಪಾನಾ ತುಳಿದೆ. ಟಪ್ ಅಂತ ಜಾರಿತು. ಇನ್ನೊಮ್ಮೆ ತುಳಿದೆ, ಇನ್ನೊಮ್ಮೆ ಜಾರಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಆ ಎರಡನೇ ತುಳಿತ ನನ್ನ ತಪ್ಪು. ಮೊದಲ ಸಲ ಜಾರಿದಾಗಲೇ ನಿಲ್ಲಿಸಿ ಕೀಯನ್ನು ಬೆಳಕಿಗೆ ಹಿಡಿದು ನೋಡಬೇಕಿತ್ತು. ಆಮೇಲೆ ನೋಡಿದೆ: ಆರು ಎಸಳಲ್ಲಿ ಮೂರರ ಅಂಚು ಬೆಲ್ಲದ ಅಚ್ಚಿನ ಮೂಲೆ ಸವೆದಂತೆ ದುಂಡಗಾಗಿದೆ, ಒಂದರ ಬುಡದಲ್ಲಿ ಕೂದಲೆಳೆಯಷ್ಟು ಸೀಳು. ಹಿಂದಿನ ವರ್ಷ ಪಂಕ್ಚರ್ ಅಂಗಡಿಯೊಂದರಲ್ಲಿ ಹುಡುಗ ಕೀಗೆ ನೇರ ನಟ್ಟು ಬಿಗಿಯುವ ಏರ್ ಗನ್ ಹಾಕಿ ಗರ್ರ್ ಅನ್ನಿಸಿದ್ದು ನೆನಪಾಯಿತು. ಗನ್ ಬರೀ ತಿರುಗಿಸುವುದಿಲ್ಲ, ನಿಮಿಷಕ್ಕೆ ಸಾವಿರಕ್ಕೂ ಮೇಲೆ ಪೆಟ್ಟು ಕೊಡುತ್ತದೆ. ಮಾಮೂಲಿ ನಟ್ಟಿನ ಆರು ಮುಖ ಅದನ್ನು ತಾಳುತ್ತವೆ. ಲಾಕ್ ನಟ್ಟಿನ ಕಚ್ಚು ಒಂದೆರಡು ಮಿಲಿಮೀಟರ್ ಅಗಲ, ಅಷ್ಟೇ ಆಳ, ಅದೆಲ್ಲಿ ತಾಳೀತು? ಮೇಲಾಗಿ ಗನ್ನಿನಲ್ಲಿ ಬಿಗಿದದ್ದು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಬಿಗಿಯಾಗಿರುತ್ತದೆ. ಡೂಪ್ಲಿಕೇಟ್ ಕೀ ತರಿಸಲು ಲಾಕ್ ಜೊತೆ ಬಂದ ನಂಬರಿನ ಚೀಟಿ ಬೇಕು. ಅದು ಹಳೇ ಓನರ್ ಹತ್ತಿರವೂ ಇರಲಿಲ್ಲ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಕಾಫಿ ಲೋಟ ಹಿಡಿದು ಬಂದು ನೋಡಿದರು.

"ಎಡಗಡೆ ಚಕ್ರ, ಉಲ್ಟಾ ಥ್ರೆಡ್ಡೇನ್ಲಾ?"

ಹಳೇ ಲಾರಿಗಳಲ್ಲಿ ಎಡಗಡೆ ಹಾಗಿರುತ್ತಿತ್ತು, ಕಾರಿನಲ್ಲಿ ಇಲ್ಲ, ಅದು ಅವರಿಗೂ ಗೊತ್ತು. ತಮಾಷೆ ಮುಗಿಸಿ ಕೆಲಸದ ಮಾತು ಹೇಳಿದರು: "ಬಿಚ್ಚಿರೋ ಮೂರೂ ಮೊದ್ಲು ವಾಪಸ್ ಬಿಗೀ ಮಾಡು. ನಾಲ್ಕು ಜನ ಹೊರೋ ಭಾರಾನ ಒಬ್ನ ತಲೆ ಮೇಲೆ ಹೇರಿದೀಯ, ಅವ್ನು ಹೆಂಗೆ ಅಲ್ಲಾಡ್ತಾನೆ?"

ಫಿಟ್ಟರ್ ಓದಿದವನು, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ದಿನಾ ಪಾನಾ ಹಿಡಿಯುವವನು ನಾನು, ನನಗೇ ಹೊಳೆದಿರಲಿಲ್ಲ. ಮೂರನ್ನೂ ಬಿಗಿದೆ. ಉಳಿದ ಮೂರು ಚಕ್ರದಲ್ಲಂತೂ ಬೇರೆ ನಟ್ಟು ಮುಟ್ಟಲೇ ಇಲ್ಲ. ಸವೆದ ಕೀ ಇನ್ನು ನಂಬುವಂತಿಲ್ಲ, ನಾಲ್ಕೂ ಚಕ್ರದ ಲಾಕ್ ನಟ್ಟು ತೆಗೆದೇಬಿಡೋಣ ಅಂತ ನಾಲ್ಕಕ್ಕೂ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಹೊಡೆದು ಮಧ್ಯಾಹ್ನದವರೆಗೆ ಬಿಟ್ಟೆ.

ಬಲಗಡೆ ಮುಂದಿನದು ಕೀಯಲ್ಲೇ ಬಂತು. ಕಚ್ಚಿನೊಳಗಿನ ಮಣ್ಣನ್ನು ಗುಂಡುಸೂಜಿಯಲ್ಲಿ ಕೆರೆದು, ಕೀಯನ್ನು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತಳ ಮುಟ್ಟಿಸಿ, ಅಪ್ಪ ಅಂಗೈಯಲ್ಲಿ ಒತ್ತಿ ಹಿಡಿದರು. ನಾನು ಪಾನಾ ತುಳಿಯದೆ, ಕೈಯಲ್ಲೇ ನಿಧಾನಕ್ಕೆ ಎಳೆದೆ. ಎರಡನೇ ಚಕ್ರಕ್ಕೆ ಹೋದಾಗ ಸೀಳಿದ್ದ ಎಸಳು ಮುರಿದು ಕೆಳಗೆ ಬಿತ್ತು. ಕೀ ಕಥೆ ಅಲ್ಲಿಗೆ ಮುಗಿಯಿತು.

ಇನ್ನುಳಿದದ್ದು ನಟ್ಟಿನ ಮೇಲೆ ಟೋಪಿಯಂತೆ ಕೂರುವ ಸಾಕೆಟ್ ಬಡಿಯುವ ದಾರಿ. ಇದಕ್ಕೆ ಹನ್ನೆರಡು ಹಲ್ಲಿನ ಸಾಕೆಟ್ಟೇ ಬೇಕು, ಆರು ಮೂಲೆಯದು ದುಂಡಗಿನ ನಟ್ಟನ್ನು ಅಷ್ಟು ಕಡೆ ಕಚ್ಚುವುದಿಲ್ಲ. ವರ್ನಿಯರ್‌ನಲ್ಲಿ ಅಳೆದರೆ ನಟ್ಟಿನ ಹೊರಮೈ 20.2 ಮಿಲಿಮೀಟರ್. 20ರ ಸಾಕೆಟ್ ಸಲೀಸಾಗಿ ಮೇಲೆ ಜಾರಿ ಕೂತಿತು. ಹನ್ನೆರಡು ಹಲ್ಲಿನದರಲ್ಲಿ ಎದುರುಬದುರು ಹಲ್ಲಿನ ತುದಿಗಳ ನಡುವಿನ ಅಂತರ ಬರೆದಿರುವ ಸೈಜಿಗಿಂತ ಕೊಂಚ ಹೆಚ್ಚೇ ಇರುತ್ತದೆ. 19ರದು ಬಾಯಿಗೆ ಬಂದು ಒಳಗೆ ಹೋಗದೆ ನಿಂತಿತು. ಅದೇ ಬೇಕಾದದ್ದು. ಒಳ್ಳೆಯ ಸಾಕೆಟ್ ಹಾಳು ಮಾಡಲು ಮನಸ್ಸಾಗದೆ ಬಿ.ಎಚ್. ರಸ್ತೆಯಲ್ಲಿ ಅಗ್ಗದ್ದೊಂದು ತಂದೆ. ಅಲಾಯ್ ತೂತಿನ ಅಂಚಿಗೆ ತಾಗುತ್ತಿತ್ತು, ಹೊರಮೈಯನ್ನು ಗ್ರೈಂಡರಿನಲ್ಲಿ ಸ್ವಲ್ಪ ಸವೆಸಿದೆ.

ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಬಡಿದೆ. ಒಂದು ಕೇಜಿ ಸುತ್ತಿಗೆ, ಸಾಕೆಟ್ಟಿಗೆ ಗಿಡ್ಡ ಎಕ್ಸ್‌ಟೆನ್ಷನ್. ಮೊದಲ ಪೆಟ್ಟುಗಳಿಗೆ ಠಣ್ ಠಣ್ ಅಂತ ಟೊಳ್ಳು ಶಬ್ದ. ಹಲ್ಲು ನಟ್ಟಿನ ಮೈಯನ್ನು ಕೊರೆದುಕೊಂಡು ಒಳಗೆ ಇಳಿದಂತೆ ಶಬ್ದ ದಪ್ಪವಾಗುತ್ತಾ ಹೋಗಿ ಕೊನೆಗೆ ದಬ್ ದಬ್ ಅನ್ನತೊಡಗಿತು. ಅಲ್ಲಿಗೆ ನಿಲ್ಲಿಸಬೇಕು. ಮುಂದೆ ಬಡಿದರೆ ಪೆಟ್ಟೆಲ್ಲ ವೀಲ್ ಬೇರಿಂಗಿಗೆ. ಆಮೇಲೆ ಗಟ್ಟಿ ರಾಡ್, ಅದಕ್ಕೆ ಎರಡಡಿ ಜಿಐ ಪೈಪು. ರ‍್ಯಾಚೆಟ್ ಹಿಡಿ ಮಾತ್ರ ಬೇಡ, ಒಳಗಿನ ಹಲ್ಲು ಪುಡಿಯಾಗುತ್ತದೆ. ಮೈಭಾರ ಬಿಟ್ಟು ನಿಧಾನಕ್ಕೆ ಎಳೆದಾಗ ಪೈಪು ಒಂಚೂರು ಬಾಗಿತು, ಏನೂ ಆಗಲಿಲ್ಲ, ಆಮೇಲೆ ಕಟಕ್ ಅಂತ ಒಂದು ಶಬ್ದ. ಏನೋ ಮುರಿಯಿತು ಅಂತ ಎದೆ ಧಸಕ್ಕೆಂದಿತು. ಮುರಿದದ್ದಲ್ಲ, ಬಿಟ್ಟದ್ದು.

ತೆಗೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಸಾಕೆಟ್ಟಿನೊಳಗೆ ಕಚ್ಚಿಕೊಂಡ ನಟ್ಟನ್ನು ಬಿಡಿಸಲು. ವೈಸ್‌ಗೆ ಕಚ್ಚಿಸಿ, ರಾಡ್ ಕೂರುವ ಚೌಕ ತೂತಿನಿಂದ ಪಂಚ್ ಇಳಿಸಿ ಹೊಡೆದೆ. ಹಲ್ಲು ಮೊಂಡಾಗಿತ್ತು, ಮರುದಿನ ಇನ್ನೆರಡು ಸಾಕೆಟ್ ತಂದೆ. ಸಂಜೆ ಡ್ಯೂಟಿ ಮುಗಿಸಿ ಬಂದು ಎಡಗಡೆ ಮುಂದಿನದನ್ನೂ ಹೀಗೇ ತೆಗೆದೆ.

ಪಂಕ್ಚರ್ ಆದ ಚಕ್ರದ್ದೇ ಉಳಿಯಿತು. ಎರಡು ತುಳಿತ ತಿಂದದ್ದು ಅದೇ. ಬಡಿದೆ, ಎಳೆದೆ, ಸಾಕೆಟ್ಟೇ ಉದ್ದಕ್ಕೆ ಸೀಳಿತು. ಇನ್ನೊಂದು ಬಡಿದರೆ ಅದು ನಟ್ಟಿನ ಮೈಯನ್ನು ಸವರಿಕೊಂಡು ಸುತ್ತಿತು. ಗಾಡಿಯ ಆ ಮೂಲೆ ವಾರವಿಡೀ ಸೈಜುಗಲ್ಲಿನ ಮೇಲೆ ನಿಂತಿತ್ತು, ಬಾಡಿದ ಟೈರಿನ ಮೇಲೆ ಭಾರ ಬೀಳದಿರಲಿ ಅಂತ.

ಗ್ಯಾಸ್ ಕಟರಿನಲ್ಲಿ ಕಾಯಿಸಿದರೆ ಬರುತ್ತೆ ಅಂದವರಿದ್ದರು. ನಾನು ಒಪ್ಪಲಿಲ್ಲ. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ಬಣ್ಣ ಬದಲಾಗದೆಯೇ ಬಲ ಕಳೆದುಕೊಳ್ಳುತ್ತದೆ. ಗಾಳಿ ತುಂಬಿದ ಟೈರಿರುವ ಚಕ್ರ ಕಾಯಿಸಿದರೆ ಟೈರ್ ಸಿಡಿದು ಜೀವವೇ ಹೋಗಬಹುದು.

ಎರಡನೇ ಭಾನುವಾರ ಗ್ರಿಲ್ ಅಂಗಡಿಯ ಹುಡುಗ ಚಿಕ್ಕ ವೆಲ್ಡಿಂಗ್ ಮೆಷಿನ್ ತಂದ. ಟೈರಿನಲ್ಲಿ ಮೊದಲೇ ಗಾಳಿ ಇಲ್ಲ, ವಾಲ್ವ್ ಕೂಡ ತೆಗೆದಿಟ್ಟೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಅವನು ಅರ್ಥ್ ಕ್ಲಿಪ್ಪನ್ನು ಗಾಡಿಯ ಬಾಡಿಗೆ ಕಚ್ಚಿಸಲು ಹೋದ, ನಾನು ತಡೆದೆ.

"ಅಲ್ಲಿ ಬೇಡಪ್ಪ, ಪಕ್ಕದ ನಟ್ಟಿಗೇ ಹಾಕು. ಕರೆಂಟು ಬೇರಿಂಗ್ ಮೇಲೆ ಹಾದು ಹೋದ್ರೆ ಅದ್ರ ಗುಂಡೆಲ್ಲ ಹಾಳಾಗ್ತವೆ."

"ಸರಿ ಅಣ್ಣ, ನಾವು ಗೇಟಿಗೆ ಹಾಕೋರು, ನಮಗೇನು ಗೊತ್ತು."

ಲಾಕ್ ನಟ್ಟಿನ ತಲೆಯ ಹೊಳಪನ್ನು ಮೊದಲು ಉಜ್ಜಿ ತೆಗೆಸಿದೆ. ಆ ಲೇಪ ಸುಟ್ಟರೆ ಹೊಗೆ ಕೆಟ್ಟದ್ದು, ವೆಲ್ಡೂ ಹಿಡಿಯದು. ಮೇಲೆ 12 ಎಂಎಂ ಬೋಲ್ಟಿನ ಹಳೇ ನಟ್ಟು ಕೂರಿಸಿ, ಅದರ ತೂತಿನೊಳಗೆ 2.5 ಎಂಎಂ ರಾಡಿನಲ್ಲಿ ತುಂಬಿಸಿದ. ಸುತ್ತ ಒದ್ದೆ ಗೋಣಿ ಹಾಕಿದ್ದೆ, ಒಂದು ಕಡೆ ಸರಿದಿತ್ತು, ಅಲ್ಲಿ ಕಿಡಿ ಬಿದ್ದು ಅಲಾಯ್ ಮೇಲೆ ಸಾಸಿವೆಯಷ್ಟು ಎರಡು ಕಲೆ ಉಳಿದಿವೆ. ಕೆಂಪು ಆರಿ, ಇನ್ನೂ ಬಿಸಿಯಿರುವಾಗಲೇ 19ರ ಪಾನಾ ಹಾಕಿದೆ. ಪೈಪು ಬೇಕಾಗಲಿಲ್ಲ. ವಾರ ಕುಣಿಸಿದ ನಟ್ಟು ಒಂದು ಕೈ ಎಳೆತಕ್ಕೆ ತಿರುಗಿತು.

"ಇಷ್ಟೇನಾ?" ಅಂದ ಹುಡುಗ. ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಹೊಸ ನಟ್ಟು ಕೊಳ್ಳುವಲ್ಲೂ ಒಂದು ಎಡವಟ್ಟಾಗುತ್ತಿತ್ತು. ಅಂಗಡಿಯವನು ಕೊಟ್ಟದ್ದು ಮಾರುತಿಯದು, 12×1.25, ಅಂದರೆ 12 ಎಂಎಂ ದಪ್ಪದ ಬೋಲ್ಟಿನದು, ಥ್ರೆಡ್ಡಿನಿಂದ ಥ್ರೆಡ್ಡಿಗೆ 1.25 ಎಂಎಂ. ನಮ್ಮದು 12×1.5. ನೋಡಲು ಒಂದೇ. ಕೈಯಲ್ಲಿ ಒಂದೆರಡು ಸುತ್ತು ಹೋಗಿ ಬಿಗಿಯಿತು, ಅದಕ್ಕೇ ಗೊತ್ತಾಯಿತು. ಗನ್ ಹಿಡಿದವನಾಗಿದ್ದರೆ ನಟ್ಟು ಹತ್ತುವ ಸ್ಟಡ್ಡೇ ಹೋಗುತ್ತಿತ್ತು. ಬದಲಿಸಿ ತಂದು, ಸ್ಟಡ್ಡಿನ ಥ್ರೆಡ್ಡನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಎಣ್ಣೆ ಒರೆಸಿ, ನಾಲ್ಕಕ್ಕೂ ಮಾಮೂಲಿ ನಟ್ಟನ್ನೇ ಹಾಕಿದೆ. ಎಣ್ಣೆ ಇದ್ದರೆ ಬಿಗಿ ಅಳೆಯುವ ಟಾರ್ಕ್ ಪಾನಾ ತೋರಿಸುವುದು ಒಂದು, ಬಿಗಿಯುವುದು ಇನ್ನೊಂದು. ನಮ್ಮ ಗಾಡಿಯ ಪುಸ್ತಕದಲ್ಲಿ 9ರಿಂದ 11 ಕೇಜಿ-ಮೀಟರ್ ಅಂತಿದೆ. ಫ್ಯಾಕ್ಟರಿಯಿಂದ ಟಾರ್ಕ್ ಪಾನಾ ಕೇಳಿ ತಂದು, 10ಕ್ಕೆ ಇಟ್ಟು ಎದುರುಬದುರು ಬಿಗಿದೆ.

ಮುಂದಿನ ವಾರ ಶಿರಾಕ್ಕೆ ಹೋಗಿ ಬಂದ ಮೇಲೆ, ಹೆಚ್ಚುಕಡಿಮೆ ನೂರು ಕಿಲೋಮೀಟರ್, ಹದಿನಾರನ್ನೂ ಮತ್ತೆ ನೋಡಿದೆ. ಎಡಗಡೆ ಹಿಂದಿನದೊಂದು ಕೂದಲೆಳೆಯಷ್ಟು ತಿರುಗಿತು, ಉಳಿದವು ಜಪ್ಪಯ್ಯ ಅನ್ನಲಿಲ್ಲ.