ಒಂದೇ ಸ್ಯಾಂಪಲ್, ಎರಡು ಅಂಕಿ

ಹೊಸ ವೈರಸ್ಸಿನ ಸುದ್ದಿ ಬಂದಾಗಲೆಲ್ಲ ನಮ್ಮಂಥ ಲ್ಯಾಬಿನವರನ್ನು ಎಲ್ಲರೂ ಕೇಳುವುದು ಒಂದೇ: ಮಷೀನ್ ಇದೆಯಾ, ಕಿಟ್ ಇದೆಯಾ? ಇರುತ್ತದೆ. ನಮ್ಮ ಮಷೀನ್ ಹೇಳಿದ್ದಕ್ಕೂ ಇನ್ನೊಂದು ಲ್ಯಾಬಿನದು ಹೇಳಿದ್ದಕ್ಕೂ ತಾಳೆಯಾಗುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಅದನ್ನು ನೋಡಿಕೊಳ್ಳಲೆಂದೇ, ಯಾವ ರೋಗದ ಗಲಾಟೆಯೂ ಇಲ್ಲದ ಹೊತ್ತಿನಲ್ಲಿ, ನಾವು ಕೆಲವು ಲ್ಯಾಬುಗಳು ಟ್ಯೂಬ್ ಹಂಚಿಕೊಳ್ಳಲು ಶುರುಮಾಡಿದೆವು. ಒಬ್ಬರು ನಿಷ್ಕ್ರಿಯಗೊಳಿಸಿದ ವೈರಸ್ಸನ್ನು ಬೇರೆಬೇರೆ ಪ್ರಮಾಣಕ್ಕೆ ತೆಳುಮಾಡಿ, ನಡುವೆ ಖಾಲಿ ದ್ರಾವಣದ ಟ್ಯೂಬನ್ನೂ ಹತ್ತಿರದ ಸಂಬಂಧಿ ವೈರಸ್ಸನ್ನೂ ಸೇರಿಸಿ, ಬರೀ ನಂಬರ್ ಅಂಟಿಸಿ ಕಳಿಸುತ್ತಾರೆ. ಉಳಿದವರು ರೋಗಿಯ ಸ್ಯಾಂಪಲ್ಲಿನಂತೆಯೇ ಪರೀಕ್ಷಿಸಿ ಉತ್ತರ ಕೊಡಬೇಕು.

ಪಾಸಿಟಿವ್, ನೆಗೆಟಿವ್ ಎಲ್ಲರದೂ ಸರಿಬಂತು. ಸಿಟಿ ಅಂಕಿ ಹೊಂದಲಿಲ್ಲ. ಪಿಸಿಆರ್ ಎಂದರೆ ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿಸಿ, ಸುತ್ತುಸುತ್ತಾಗಿ (ಅದೇ ಸೈಕಲ್) ಹೆಚ್ಚಿಸಿ ನೋಡುವ ಪರೀಕ್ಷೆ. ಎಷ್ಟನೇ ಸೈಕಲ್ಲಿಗೆ ವೈರಸ್ ಕಾಣಿಸಿತು ಎಂಬುದೇ ಸಿಟಿ; ವೈರಸ್ ಕಡಿಮೆಯಿದ್ದಷ್ಟೂ ಅಂಕಿ ಹೆಚ್ಚು. ಒಂದೇ ಟ್ಯೂಬಿಗೆ ಇನ್ನೊಂದು ಲ್ಯಾಬಿನವರು 32 ಅಂದರೆ ನಾವು 34. ಪ್ರತಿ ಸೈಕಲ್ಲಿಗೂ ಡಿಎನ್‌ಎ ದುಪ್ಪಟ್ಟಾಗುವುದರಿಂದ ಇದು ಸುಮಾರು ನಾಲ್ಕು ಪಟ್ಟು ವ್ಯತ್ಯಾಸ. ಮೊದಲು ಪ್ರೈಮರ್ ಮೇಲೆ, ಅಂದರೆ ವೈರಸ್ಸಿನ ಗುರುತು ಹಿಡಿದು ಅಂಟಿಕೊಳ್ಳುವ ಡಿಎನ್‌ಎ ತುಣುಕಿನ ಮೇಲೆ, ಅನುಮಾನ ಹೋಯಿತು (ಯಾವಾಗಲೂ ಬೈಸಿಕೊಳ್ಳುವುದು ಅದೇ). ಕೊನೆಗೆ ಎರಡೂ ಕಡೆಯ ವರ್ಕ್‌ಶೀಟ್ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿದೆವು. ಅವರು 200 ಮೈಕ್ರೋಲೀಟರ್ ಸ್ಯಾಂಪಲ್ ತೆಗೆದುಕೊಂಡು ಅದರಿಂದ ತೆಗೆದ ಆರ್‌ಎನ್‌ಎಯನ್ನು 50 ಮೈಕ್ರೋಲೀಟರ್ ದ್ರಾವಣಕ್ಕೆ ಇಳಿಸುತ್ತಿದ್ದರು. ನಾವು 140 ತೆಗೆದುಕೊಂಡು 60ಕ್ಕೆ. ಆ ದ್ರಾವಣದಲ್ಲಿ ಪಿಸಿಆರ್‌ಗೆ ಅವರು ಹಾಕುತ್ತಿದ್ದುದು 10, ನಾವು 5. ಗುಣಿಸಿ ಭಾಗಿಸಿದರೆ ಹೆಚ್ಚುಕಡಿಮೆ ಮೂರೂವರೆ ಪಟ್ಟು ಅಲ್ಲೇ ಸಿಕ್ಕಿತು. ತಪ್ಪು ಯಾರದೂ ಅಲ್ಲ, ಇಬ್ಬರೂ ತಮ್ಮತಮ್ಮ ಕಿಟ್ಟಿನ ಸೂಚನೆಯಂತೆಯೇ ನಡೆದವರು. ಆದರೆ "33 ದಾಟಿದರೆ ಮತ್ತೊಮ್ಮೆ ಮಾಡಿ" ಎಂದು ಎಲ್ಲ ಲ್ಯಾಬಿಗೂ ಒಂದೇ ಗೆರೆ ಎಳೆದರೆ, ಅದೇ ರೋಗಿ ಅಲ್ಲಿ ಪಾಸಿಟಿವ್, ಇಲ್ಲಿ ಅನುಮಾನಾಸ್ಪದ. ಈಗ ಅಂಕಿಯ ಜೊತೆ ಆ ಮೂರೂ ಅಳತೆಗಳನ್ನು ಬರೆಯುತ್ತೇವೆ. ಒಂದೇ ಬ್ಯಾಚಿನ ನಿಷ್ಕ್ರಿಯ ವೈರಸ್ಸನ್ನು ಎಲ್ಲರೂ ಕಂಟ್ರೋಲ್ (ಹೋಲಿಸಿ ನೋಡುವ ಸ್ಯಾಂಪಲ್) ಆಗಿ ಓಡಿಸುತ್ತೇವೆ, ಅದೂ ಆರ್‌ಎನ್‌ಎ ತೆಗೆಯುವ ಹಂತದಿಂದಲೇ. ಶುದ್ಧ ಆರ್‌ಎನ್‌ಎಯನ್ನು ನೇರ ಪಿಸಿಆರ್‌ಗೆ ಹಾಕಿದ್ದರೆ ಈ ವ್ಯತ್ಯಾಸದ ಅರ್ಧ ಭಾಗ ಕಣ್ಣಿಗೇ ಬೀಳುತ್ತಿರಲಿಲ್ಲ.

ಹೀಗೆ ಲ್ಯಾಬುಗಳು ಕೈಜೋಡಿಸುವುದು ಹೊಸದಲ್ಲ. 2003ರಲ್ಲಿ ಸಾರ್ಸ್ ಎಂಬ ತೀವ್ರ ಉಸಿರಾಟದ ಕಾಯಿಲೆ ಬಂದಾಗ ವಿಶ್ವ ಆರೋಗ್ಯ ಸಂಸ್ಥೆ 11 ಲ್ಯಾಬುಗಳನ್ನು ಜೋಡಿಸಿತು. ಅವು ದಿನವೂ ಫೋನಿನಲ್ಲಿ ಫಲಿತಾಂಶ ಹಂಚಿಕೊಂಡು ಒಂದು ತಿಂಗಳಲ್ಲಿ ಕೊರೊನಾವೈರಸ್ಸೇ ಕಾರಣ ಎಂದು ಖಚಿತಪಡಿಸಿದವು. 2020ರ ಜನವರಿಯಲ್ಲಿ ಕೋವಿಡ್ ವೈರಸ್ಸಿನ ಜೀನೋಮ್ (ಪೂರ್ಣ ಆನುವಂಶಿಕ ಮಾಹಿತಿ) ಬಹಿರಂಗವಾದ ಕೆಲವೇ ದಿನಗಳಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ತಂಡದ ಪಿಸಿಆರ್ ವಿಧಾನ ಹೊರಬಂತು. ಹೊಸ ವೈರಸ್ಸು ಅವರ ಕೈಯಲ್ಲಿರಲಿಲ್ಲ. ಇದ್ದದ್ದು 2003ರ ಸಾರ್ಸ್ ವೈರಸ್ಸು, ಕೃತಕ ಆರ್‌ಎನ್‌ಎ ಮತ್ತು ಪರೀಕ್ಷಿಸಿ ನೋಡಲು ಬೇರೆ ದೇಶಗಳ ಲ್ಯಾಬುಗಳು.

ಟ್ಯೂಬ್ ಕಳಿಸುವುದು ಕಷ್ಟವಲ್ಲ, ಪ್ಯಾಕಿಂಗ್ ಕಲಿತರೆ ಮುಗಿಯಿತು: ಸೋರದ ಟ್ಯೂಬ್, ಹೀರುವ ಹತ್ತಿ, ಸೋರದ ಎರಡನೇ ಡಬ್ಬಿ, ಗಟ್ಟಿ ಹೊರಪೆಟ್ಟಿಗೆ, ಮೇಲೆ ಯುಎನ್ 3373 (ಬಿ ವರ್ಗದ ಜೈವಿಕ ವಸ್ತು) ಗುರುತು. ಡ್ರೈ ಐಸ್ ಹಾಕಿದ ಪೆಟ್ಟಿಗೆಯನ್ನು ಮಾತ್ರ ಗಾಳಿಯಾಡದಂತೆ ಮುಚ್ಚಬಾರದು, ಸಿಡಿಯುತ್ತದೆ.

ನಿಜವಾಗಿ ಸತಾಯಿಸಿದ್ದು ಸ್ಯಾಂಪಲ್ ಹಂಚಿಕೆಯ ಒಪ್ಪಂದ. ಸ್ಯಾಂಪಲ್ ಯಾರದು, ಸೀಕ್ವೆನ್ಸ್ (ಓದಿ ತೆಗೆದ ಜೀನೋಮಿನ ಅಕ್ಷರಕ್ರಮ) ಯಾರು ಪ್ರಕಟಿಸಬೇಕು, ಅದರಿಂದ ಲಸಿಕೆಯೋ ಕಿಟ್ಟೋ ಬಂದರೆ ಪಾಲು ಯಾರಿಗೆ? 2007ರಲ್ಲಿ ಇಂಡೋನೇಷ್ಯಾ ಹಕ್ಕಿಜ್ವರದ ವೈರಸ್ ಕೊಡುವುದನ್ನು ನಿಲ್ಲಿಸಿದ್ದು ಇದೇ ಪ್ರಶ್ನೆಗೆ. ಅದು ಕೇಳಿದ್ದರಲ್ಲಿ ನ್ಯಾಯವಿತ್ತು ಎಂದೇ ನನ್ನ ಅಭಿಪ್ರಾಯ. ನಾವು ಈಗ ವೈರಸ್ಸಿನ ಹೆಸರಿನ ಜಾಗ ಖಾಲಿ ಬಿಟ್ಟು, ಉಳಿದ ಷರತ್ತುಗಳಿಗೆಲ್ಲ ಮೊದಲೇ ಸಹಿ ಮಾಡಿಸಿಟ್ಟಿದ್ದೇವೆ. ನೀವೂ ಮಾಡಿಸುವುದಾದರೆ ವ್ಯಕ್ತಿಯ ಹೆಸರಲ್ಲಿ ಬೇಡ, ಹುದ್ದೆಯ ಹೆಸರಲ್ಲಿ ಮಾಡಿಸಿ. ಸಹಿ ಹಾಕಿದವರು ನಿವೃತ್ತರಾದರೆ ಕಡತ ಮತ್ತೆ ಮೊದಲ ಮೇಜಿನಿಂದ ಹೊರಡುತ್ತದೆ.